18 ತುಂಬಿದ್ಮೇಲೆ ಮಗನ ಪಿಂಚಣಿ ಯಾಕೆ ನಿಂತೋಯ್ತು?

ಪ್ರಶ್ನೆ: ಮೇಡಂ, ನಮ್ದು ಹಿರಿಯೂರು ತಾಲ್ಲೂಕು. ಮಗನಿಗೆ 18 ತುಂಬಿ ನಾಲ್ಕು ತಿಂಗಳಾಯ್ತು. ಹುಟ್ಟಿದಾಗಿಂದ ಸೆರೆಬ್ರಲ್ ಪಾಲ್ಸಿ, ಬುದ್ಧಿ ಬೆಳವಣಿಗೇನೂ ಕಮ್ಮಿ, ಕಾರ್ಡಲ್ಲಿ 80 ಪರ್ಸೆಂಟ್ ಅಂತಿದೆ. ಊಟ, ಸ್ನಾನ, ಕಕ್ಕಸು ಎಲ್ಲಾ ನಾನೇ ಮಾಡ್ಸೋದು. ತಿಂಗಳಿಗೆ 1,400 ಪಿಂಚಣಿ ಬರ್ತಿತ್ತು, ಮೂರು ತಿಂಗಳಿಂದ ಬಂದಿಲ್ಲ. ನಾಡಕಚೇರಿಗೆ ಹೋದ್ರೆ ಬ್ಯಾಂಕಲ್ಲಿ ಕೇಳಮ್ಮ ಅಂತಾರೆ, ಬ್ಯಾಂಕವ್ರು ತಾಲ್ಲೂಕಾಫೀಸಿಗೆ ಹೋಗಿ ಅಂತಾರೆ. ನೀನು ಗೃಹಲಕ್ಷ್ಮಿ ತಗೋತಿದ್ಯಲ್ಲ ಅದಕ್ಕೇ ಮಗಂದು ಕಟ್ ಮಾಡಿದಾರೆ ಅಂತಾರೆ ಪಕ್ಕದ್ಮನೆಯವ್ರು. ಯಜಮಾನ್ರು ಲಗೇಜ್ ಆಟೋ ಸಾಲಕ್ಕೆ ಅಂತ ಐಟಿ ರಿಟರ್ನ್ ಹಾಕಿದ್ರು, ಅದ್ರಿಂದ ಬಿಪಿಎಲ್ ಕಾರ್ಡೂ ಹೋಗುತ್ತೇನೋ ಅಂತ ಭಯ. ಏಜೆಂಟ್ ಒಬ್ಬ 3,000 ಕೊಡಿ, 100 ಪರ್ಸೆಂಟ್ ಸರ್ಟಿಫಿಕೇಟ್ ಮಾಡಿಸಿಕೊಡ್ತೀನಿ ಅಂತಿದಾನೆ. ನಾನು ಗಾರ್ಮೆಂಟ್ಸ್ ಬಿಟ್ಟು 11 ವರ್ಷ ಆಯ್ತು, ವಾಪಸ್ ಹೋದ್ರೆ ಇರೋಬರೋ ಸೌಲಭ್ಯನೂ ಹೋಗುತ್ತಾ? ನಮ್ಮ ನಂತರ ಇವನ ಗತಿ ಏನು ಅನ್ನೋದೇ ಯೋಚನೆ.

ಉತ್ತರ: ತಾಯಿ, ನಿಮ್ಮ ಪತ್ರ ಓದ್ತಿದ್ದಂಗೆ ನನಗೆ ಮೊದ್ಲು ಕಣ್ಣಿಗೆ ಬಿದ್ದಿದ್ದು ಎರಡು ಅಂಕಿ, 18 ತುಂಬಿ ನಾಲ್ಕು ತಿಂಗಳು, ದುಡ್ಡು ನಿಂತು ಮೂರು ತಿಂಗಳು. ಇಪ್ಪತ್ತೆರಡು ವರ್ಷದಿಂದ ನಾನು ವಿಕಲಚೇತನ ಮಕ್ಕಳ ತಂದೆತಾಯಿ ಜೊತೆ ಇದೇ ಕಾಗದ ಪತ್ರದ ಕೆಲಸ ಮಾಡ್ತಿದೀನಿ, ಹುಟ್ಟಿದಬ್ಬ ಆಗಿ ಒಂದೆರಡು ತಿಂಗಳಿಗೆ ದುಡ್ಡು ನಿಂತ್ರೆ ಹತ್ತರಲ್ಲಿ ಎಂಟು ಸಲ ಕಾರಣ ಆ ಹುಟ್ಟಿದಬ್ಬನೇ ಆಗಿರುತ್ತೆ. ಅಂದ್ರೆ ನಿಮ್ಮ ಮಗನ ಹಕ್ಕು ಹೋಗಿಲ್ಲ, ಎಲ್ಲೋ ಒಂದು ಕೊಂಡಿ ಕಳಚಿದೆ. ಯಾವ ಕೊಂಡಿ ಅಂತ ಗೊತ್ತಾಗದೆ ಆಫೀಸಿಂದ ಆಫೀಸಿಗೆ ಅಲೆದ್ರೆ ಎಲ್ರೂ ನಿಮ್ಮನ್ನ ಮುಂದಿನ ಕಿಟಕಿಗೆ ಕಳಿಸ್ತಾರೆ ಅಷ್ಟೆ, ಅವ್ರಿಗೂ ಗೊತ್ತಿರಲ್ಲ.

ಮೊದ್ಲು ಗೃಹಲಕ್ಷ್ಮಿ ವಿಷಯ ಮುಗಿಸ್ಬಿಡ್ತೀನಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆ 2,000 ಬರೋದು ರೇಷನ್ ಕಾರ್ಡಲ್ಲಿ ಮನೆ ಯಜಮಾನಿ ಅಂತ ಹೆಸರಿರೋದಕ್ಕೆ, ಪಿಂಚಣಿ ಬರೋದು ಮಗನ ಅಂಗವಿಕಲತೆಗೆ. ಒಂದು ತಗೊಂಡ್ರೆ ಇನ್ನೊಂದು ಕಟ್ ಅನ್ನೋ ನಿಯಮ ಇಲ್ಲ. ಈ ಮಾತು ಕೇಳಿ ಒಬ್ಬ ತಾಯಿ ತಾನೇ ಹೋಗಿ ಗೃಹಲಕ್ಷ್ಮಿ ಬೇಡ ಅಂತ ಬರ್ಕೊಟ್ಟು ಬಂದಿದ್ರು, ಮಗಳ ಪಿಂಚಣಿ ಅದ್ರಿಂದೇನೂ ಶುರುವಾಗ್ಲಿಲ್ಲ, ಇದ್ದ 2,000 ಕೂಡ ಹೋಯ್ತು. ದಯವಿಟ್ಟು ನೀವು ಹಂಗೆ ಮಾಡ್ಬೇಡಿ.

ಇನ್ನು 18ಕ್ಕೆ ಏನೇನಾಗುತ್ತೆ ನೋಡೋಣ. ಮಗನ ಬ್ಯಾಂಕ್ ಖಾತೆ ಇಷ್ಟು ದಿನ ಮೈನರ್ ಖಾತೆ ಆಗಿತ್ತು, ನೀವೋ ಯಜಮಾನ್ರೋ ಗಾರ್ಡಿಯನ್ ಅಂತ ಸೈನ್ ಮಾಡ್ತಿದ್ರಿ. 18 ತುಂಬಿದ ದಿನ ಕಾನೂನಿನ ಕಣ್ಣಲ್ಲಿ ಅವನು ಮೇಜರ್, ನಿಮ್ಮ ಸೈನ್ ಅಲ್ಲಿ ನಡೆಯಲ್ಲ, ಹೊಸ ಕೆವೈಸಿ ಆಗೋವರೆಗೂ ಬ್ಯಾಂಕು ಖಾತೆ ತಡೆಹಿಡೀಬೋದು. ಅವನಿಗೆ ಸೈನ್ ಹಾಕಕ್ಕಾಗಲ್ಲ, ಕೆಲವು ಮಕ್ಕಳಿಗೆ ಕೈ ಸೆಟೆದಿರೋದ್ರಿಂದ ಹೆಬ್ಬೆಟ್ಟೂ ಸರಿಯಾಗಿ ಬೀಳಲ್ಲ, ಆಗ ಕೌಂಟರಲ್ಲಿರೋರಿಗೆ ಏನ್ಮಾಡ್ಬೇಕು ಅಂತ ತೋಚದೆ ತಾಲ್ಲೂಕಾಫೀಸಿಗೆ ಹೋಗಿ ಅಂದ್ಬಿಡ್ತಾರೆ. ನಿಮಗೂ ಇದೇ ಆಗಿರೋ ಹಾಗೆ ಕಾಣ್ಸುತ್ತೆ.

ಎರಡನೇದು ಆಧಾರ್. ಮಕ್ಕಳ ಆಧಾರ್‌ಗೆ 5 ತುಂಬಿದಾಗ ಒಂದ್ಸಲ, 15 ತುಂಬಿದಾಗ ಒಂದ್ಸಲ ಬಯೋಮೆಟ್ರಿಕ್ ಅಪ್‌ಡೇಟ್ ಕಡ್ಡಾಯ, 15ರಿಂದ 17ರೊಳಗೆ ಮಾಡಿಸಿದ್ರೆ ಉಚಿತ. ವೀಲ್‌ಚೇರಲ್ಲಿರೋ ಮಗನ್ನ ಎತ್ಕೊಂಡು ಆಧಾರ್ ಸೆಂಟರಿಗೆ ಹೋಗಿ ಕ್ಯೂ ನಿಲ್ಲೋದು ಯಾರಿಗೆ ಸಾಧ್ಯ, ಹಂಗಾಗಿ ಎಷ್ಟೋ ಮನೇಲಿ 15ರದ್ದು ಆಗಿರೋದೇ ಇಲ್ಲ. ಬೆರಳಚ್ಚು, ಕಣ್ಣಿನ ಗುರುತು ಬರದೇ ಇರೋರಿಗೆ ಬಯೋಮೆಟ್ರಿಕ್ ಎಕ್ಸೆಪ್ಷನ್ ಅಂತ ಅವಕಾಶ ಇದೆ, ಆ ಮಾತನ್ನೇ ಹೇಳಿ ಕೇಳಿ, ಬೆರಳು ಬರ್ತಿಲ್ಲ ಹೋಗಿ ಅಂತ ವಾಪಸ್ ಕಳಿಸೋ ಹಂಗಿಲ್ಲ.

ಆಧಾರಿಂದೇ ಇನ್ನೊಂದು ತೊಂದ್ರೆ ಇದೆ, ನನ್ನ ಅನುಭವದಲ್ಲಿ ಜನಕ್ಕೆ ಗೊತ್ತೇ ಇಲ್ದೇ ಇರೋದು ಇದು. ಸರ್ಕಾರದ ದುಡ್ಡು ಈಗ ಖಾತೆ ನಂಬರಿಗೆ ಹೋಗಲ್ಲ, ಆಧಾರ್ ನಂಬರಿಗೆ ಹೋಗುತ್ತೆ, ಆ ಆಧಾರನ್ನ ಕೊನೆಯದಾಗಿ ಯಾವ ಬ್ಯಾಂಕಿಗೆ ಮ್ಯಾಪ್ ಮಾಡಿರ್ತಾರೋ, ಅಂದ್ರೆ ಜೋಡಿಸಿರ್ತಾರೋ, ಅಲ್ಲಿಗೆ ಬೀಳುತ್ತೆ. ಸ್ಕಾಲರ್‌ಶಿಪ್‌ಗೆ ಅಂತ ಶಾಲೇಲಿ ಇನ್ನೊಂದು ಖಾತೆ ಮಾಡಿಸಿದ್ರೆ, ಇಲ್ಲಾ ಮೊಬೈಲ್ ಅಂಗಡೀಲಿ ಪೇಮೆಂಟ್ಸ್ ಬ್ಯಾಂಕ್ ಖಾತೆ ಓಪನ್ ಆಗಿದ್ರೆ ಪಿಂಚಣಿ ಅಲ್ಲಿಗೆ ಹೋಗಿ ಕೂತಿರುತ್ತೆ, ನೀವು ಹಳೇ ಪಾಸ್‌ಬುಕ್ ಎಂಟ್ರಿ ಹಾಕಿಸಿ ಹಾಕಿಸಿ ದುಡ್ಡು ಬಂದಿಲ್ಲ ಅಂತ ಅಳ್ತಿರ್ತೀರಿ. ಒಂದು ಮನೇಲಿ 14 ತಿಂಗಳ ದುಡ್ಡು ಹಂಗೆ ಬೇರೆ ಖಾತೇಲಿ ಇತ್ತು. ಹಾಗಾಗಿ ಮೊದಲ ಕೆಲಸ, ಮಗನ ಆಧಾರ್‌ಗೆ ಲಿಂಕ್ ಆಗಿರೋ ಮೊಬೈಲಿಂದ *99*99*1# ಒತ್ತಿ, ಆಧಾರ್ ನಂಬರ್ ಹಾಕಿ, ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆ ಅಂತ ತೋರಿಸುತ್ತೆ. ಮೈಆಧಾರ್ ವೆಬ್‌ಸೈಟಲ್ಲೂ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ. ಇದಕ್ಕೆ ಯಾವ ಆಫೀಸಿಗೂ ಹೋಗೋದು ಬೇಡ, ಹತ್ತು ನಿಮಿಷದ ಕೆಲಸ.

ಮೂರನೇದು ಸರ್ಟಿಫಿಕೇಟ್. ಬುದ್ಧಿ ಬೆಳವಣಿಗೆಗೆ ಸಂಬಂಧಪಟ್ಟ ಅಂಗವಿಕಲತೆಗೆ ಮಕ್ಕಳಿಗೆ ಕೊಡೋ ಸರ್ಟಿಫಿಕೇಟ್ 5, 10, 18 ವರ್ಷಕ್ಕೆ ನವೀಕರಣ ಆಗ್ಬೇಕು ಅಂತ 2018ರ ಕೇಂದ್ರದ ಮಾರ್ಗಸೂಚೀಲೇ ಇತ್ತು, 18ಕ್ಕೆ ಕೊಟ್ಟಿದ್ದು ಮಾತ್ರ ಜೀವನಪೂರ್ತಿ. ಮಗನ ಯುಡಿಐಡಿ ಕಾರ್ಡಲ್ಲಿ, ಅಂದ್ರೆ ವಿಕಲಚೇತನರ ಗುರುತಿನ ಕಾರ್ಡಲ್ಲಿ, ಯಾವತ್ತಿನವರೆಗೆ ಅಂತ ದಿನಾಂಕ ಇದೆಯಾ ನೋಡಿ. ಇದ್ದು ಅದು ದಾಟಿದ್ರೆ ಬ್ಯಾಂಕ್ ಸರಿಮಾಡಿಸಿದ್ರೂ ದುಡ್ಡು ಬರಲ್ಲ, ಜಿಲ್ಲಾಸ್ಪತ್ರೆ ಬೋರ್ಡ್ ಮುಂದೆ ಮತ್ತೆ ಹೋಗ್ಬೇಕು.

ಬೋರ್ಡ್ ಮುಂದೆ ಹೋಗೋದು ಅಂದ್ರೆ ತಂದೆತಾಯಿಗೆ ಭಯ, ಪರ್ಸೆಂಟ್ ಇಳಿದ್ರೆ ಏನ್ಗತಿ ಅಂತ. ಆ ಭಯ ಸುಳ್ಳಲ್ಲ. 40ರಿಂದ 75ರೊಳಗೆ ಇದ್ರೆ ರಾಜ್ಯದ ಪಿಂಚಣಿ 800, ಅದಕ್ಕೆ ಮೇಲೆ ಇದ್ರೆ 1,400, ಹಂಗಾಗಿ ನಾಲ್ಕೈದು ಪರ್ಸೆಂಟ್ ಆಚೀಚೆ ಆದ್ರೂ ತಿಂಗಳಿಗೆ 600 ರೂಪಾಯಿ ವ್ಯತ್ಯಾಸ. ಆ ಏಜೆಂಟ್ ಆಡ್ತಿರೋದು ನಿಮ್ಮ ಈ ಭಯದ ಮೇಲೇನೇ. ಅವನಿಗೆ ಒಂದ್ರೂಪಾಯಿ ಕೊಡ್ಬೇಡಿ. 75 ದಾಟಿದ್ಮೇಲೆ 100 ಪರ್ಸೆಂಟ್ ಅಂತ ಬರೆಸಿದ್ರೂ ಪಿಂಚಣಿ ಅದಕ್ಕೆ ತಕ್ಕಂಗೆ ಏರ್ತಾ ಹೋಗೋ ಲೆಕ್ಕ ಏನಿಲ್ಲ, ಸಿಕ್ಕಿಬಿದ್ರೆ ಮಾತ್ರ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 91ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲಾ ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಅನುಭವಿಸೋರು ನೀವು, ಅವನು ಆಗ ಫೋನೂ ಎತ್ತಲ್ಲ.

ನ್ಯಾಯವಾಗಿ ಮಾಡ್ಬೇಕಾದ್ದು ಬೇರೆ ಇದೆ. ನಿಮ್ಮ ಮಗನಿಗೆ ಎರಡು ತೊಂದ್ರೆ, ಕೈಕಾಲಿನದು ಒಂದು, ಬುದ್ಧಿಯದು ಒಂದು. ಎಷ್ಟೋ ಸಲ ಮೂಳೆ ಡಾಕ್ಟ್ರು ನೋಡಿ ಕೈಕಾಲಿಂದು ಮಾತ್ರ ಬರೀತಾರೆ, ಮನೋವೈದ್ಯರ ಹತ್ರ ಕಳಿಸೋದೇ ಇಲ್ಲ. ಎರಡನ್ನೂ ಬೇರೆಬೇರೆ ನೋಡಿ ಆಮೇಲೆ ಕೂಡಿಸ್ಬೇಕು. ಸುಮ್ನೆ ಕೂಡೋದಲ್ಲ, ಅದಕ್ಕೊಂದು ಸೂತ್ರ ಇದೆ, ದೊಡ್ಡ ಅಂಕಿ ಹಂಗೇ ಇಟ್ಟು, 90ರಲ್ಲಿ ಅದನ್ನ ಕಳೆದು, ಉಳಿದಿದ್ದನ್ನ ಚಿಕ್ಕ ಅಂಕಿಯಿಂದ ಗುಣಿಸಿ 90ರಿಂದ ಭಾಗಿಸಿ ಸೇರಿಸ್ತಾರೆ. ಕೈಕಾಲಿಂದು 60, ಬುದ್ಧಿಯದು 50 ಅಂದ್ಕೊಳ್ಳಿ, 110 ಆಗಲ್ಲ, ಸುಮಾರು 77 ಆಗುತ್ತೆ. ಆದ್ರೆ ಬುದ್ಧಿಯದು ಬಿಟ್ಟೋದ್ರೆ 60ಕ್ಕೇ ನಿಲ್ಲುತ್ತೆ, ಪಿಂಚಣಿ 800. ಅದಕ್ಕೇ ಹೋಗೋವಾಗ ಹಳೇ ಐಕ್ಯೂ ರಿಪೋರ್ಟು, ಫಿಟ್ಸ್ ಮಾತ್ರೆ ಚೀಟಿ, ಫಿಸಿಯೋಥೆರಪಿ ಪುಸ್ತಕ, ನಿಮ್ಹಾನ್ಸಲ್ಲಿ ತೋರಿಸಿದ್ರೆ ಆ ಫೈಲು ಎಲ್ಲಾ ತಗೊಂಡೋಗಿ, ಎರಡೂ ಅಸೆಸ್ ಮಾಡಿ ಅಂತ ಬಾಯಿಬಿಟ್ಟು ಕೇಳಿ. ಡಾಕ್ಟ್ರ ಮುಂದೆ ನಾವು ತಾಯಂದ್ರು ಏನೋ ಮರ್ಯಾದೆಗೆ ಅಂತ, ಪರ್ವಾಗಿಲ್ಲ ಸರ್ ಸ್ವಲ್ಪ ತಾನೇ ಉಣ್ತಾನೆ ಅಂದ್ಬಿಡ್ತೀವಿ. ತಟ್ಟೆ ಮುಂದಿಟ್ಟು ಬಾಯಿಗಿಟ್ರೆ ನುಂಗ್ತಾನೆ ಅನ್ನೋದನ್ನ ತಾನೇ ಉಣ್ತಾನೆ ಅಂತ ಹೇಳ್ಬೇಡಿ, ಇದ್ದದ್ದು ಇದ್ದಂಗೆ ಹೇಳಿ. ಪರ್ಸೆಂಟ್ ತಪ್ಪಾಗಿ ಕಮ್ಮಿ ಬಂದ್ರೆ ಮೇಲ್ಮನವಿಗೆ ಅದೇ ಕಾಯ್ದೇಲಿ ಅವಕಾಶ ಇದೆ.

80 ಅನ್ನೋ ಅಂಕಿಗೂ ಒಂದು ಬೆಲೆ ಇದೆ. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿ ಯೋಜನೆಗೆ 18 ವರ್ಷ ಆಗಿರ್ಬೇಕು, 80 ಪರ್ಸೆಂಟ್ ಇರ್ಬೇಕು, ಬಿಪಿಎಲ್ ಇರ್ಬೇಕು. ಕೇಂದ್ರ ಕೊಡೋದು ತಿಂಗಳಿಗೆ 300, ಅದೂ 2012ರಿಂದ ಒಂದು ಪೈಸೆ ಏರಿಲ್ಲ. ನಮ್ಮ ರಾಜ್ಯದಲ್ಲಿ 65 ದಾಟಿದವರ ಸಂಧ್ಯಾ ಸುರಕ್ಷಾ ಪಿಂಚಣಿ 1,200, 75ಕ್ಕಿಂತ ಕಮ್ಮಿ ಇರೋ ಅಂಗವಿಕಲರಿಗೆ 800. ಆದ್ರೆ 2016ರ ಕಾಯ್ದೆಯ 24ನೇ ಕಲಂ ಹೇಳೋದು ಏನು ಗೊತ್ತಾ, ಬೇರೆಯವರ ಅಂಥದ್ದೇ ಯೋಜನೆಗಿಂತ ಅಂಗವಿಕಲರಿಗೆ ಕನಿಷ್ಠ 25 ಪರ್ಸೆಂಟ್ ಜಾಸ್ತಿ ಕೊಡ್ಬೇಕು ಅಂತ. ಇದನ್ನ ನಾನು ಸಿಕ್ಕ ಸಿಕ್ಕ ಸಭೇಲೆಲ್ಲ ಹೇಳ್ತಾನೇ ಬಂದಿದೀನಿ, ಹೇಳ್ತಾನೇ ಇರ್ತೀನಿ, ಯಾಕಂದ್ರೆ ಮಗು ನೋಡ್ಕೊಳ್ಳೋ ತಾಯಿ ಬಿಟ್ಟ ಸಂಬಳದ ಲೆಕ್ಕ ಯಾವ ಆದೇಶದಲ್ಲೂ ಬಂದಿಲ್ಲ. ಈಚೆಗೆ ರಾಜ್ಯ ಸರ್ಕಾರ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರೋರನ್ನ ನೋಡ್ಕೊಳ್ಳೋರಿಗೆ ತಿಂಗಳಿಗೆ 1,000 ಆರೈಕೆದಾರರ ಭತ್ಯೆ ಅಂತ ತಂತು, ನಿಮ್ಮ ಮಗನ ಸ್ಥಿತಿ ಆ ಪಟ್ಟೀಲಿದೆ. ಇದು ಕಂದಾಯ ಇಲಾಖೆದಲ್ಲ, ನಾಡಕಚೇರೀಲಿ ಕೇಳಿದ್ರೆ ಹಂಗೇನೂ ಇಲ್ಲ ಅಂತಾರೆ. ವಿಕಲಚೇತನರ ಇಲಾಖೆದು. ನಿಮ್ಮ ಪಂಚಾಯ್ತೀಲಿ ವಿಆರ್‌ಡಬ್ಲ್ಯೂ ಅಂದ್ರೆ ಗ್ರಾಮ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ತಾಲ್ಲೂಕಲ್ಲಿ ಎಂಆರ್‌ಡಬ್ಲ್ಯೂ ಅಂದ್ರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅವ್ರನ್ನ ಹಿಡೀರಿ, ಅವ್ರೂ ವಿಕಲಚೇತನರೇ ಆಗಿರ್ತಾರೆ ಬಹಳಷ್ಟು ಕಡೆ, ನಿಮ್ಮ ಕಷ್ಟ ಬಿಡಿಸಿ ಹೇಳೋದು ಬೇಕಾಗಲ್ಲ.

ಬಿಪಿಎಲ್ ಕಾರ್ಡಿನ ಭಯಕ್ಕೆ ಬರ್ತೀನಿ. ರಿಟರ್ನ್ ಹಾಕೋದು ಬೇರೆ, ತೆರಿಗೆ ಕಟ್ಟೋದು ಬೇರೆ. 2024ರ ಕೊನೇಲಿ ರಾಜ್ಯದಲ್ಲಿ ಎಷ್ಟೋ ಬಿಪಿಎಲ್ ಕಾರ್ಡು ಎಪಿಎಲ್ ಆಗಿ ಗಲಾಟೆ ಆಯ್ತಲ್ಲ, ಆಗ ನವೆಂಬರಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವ್ರು ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟೋರು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡಿ ಅಂದ್ರು. ಸಾಲಕ್ಕೆ ಅಂತ ರಿಟರ್ನ್ ಹಾಕಿ ತೆರಿಗೆ ಸೊನ್ನೆ ಅಂತ ಇದ್ರೆ ಆ ಅಕ್ನಾಲೆಡ್ಜ್‌ಮೆಂಟ್ ಕಾಪಿ ಜೋಪಾನ ಮಾಡಿ, ನಾಳೆ ಯಾರಾದ್ರೂ ಕೇಳಿದ್ರೆ ಅದೇ ಸಾಕ್ಷಿ. ಆದ್ರೆ ಸಾಲ ಸಿಗ್ಲಿ ಅಂತ ಆಡಿಟರ್ ಆದಾಯ ಏರಿಸಿ ನಾಲ್ಕೈದು ಲಕ್ಷ ತೋರಿಸಿದ್ರೆ ಅದು ತೊಂದ್ರೆನೇ, ಯಾಕಂದ್ರೆ ಬಿಪಿಎಲ್‌ಗೆ ಮಿತಿ ವರ್ಷಕ್ಕೆ 1.20 ಲಕ್ಷ. ರಿಟರ್ನಲ್ಲಿ ಎಷ್ಟು ತೋರ್ಸಿದಾರೆ ಅಂತ ಯಜಮಾನ್ರನ್ನ ಇವತ್ತೇ ಕೇಳಿ. ಲಗೇಜ್ ಆಟೋ ಬಗ್ಗೆ ಹೆದರ್ಬೇಡಿ, ಸ್ವಂತ ಓಡಾಟದ ಬಿಳಿ ಬೋರ್ಡ್ ಕಾರಿಗೆ ಅಡ್ಡಿ ಇರೋದು, ಹೊಟ್ಟೆಪಾಡಿಗೆ ತಾವೇ ಓಡಿಸೋ ಒಂದು ಗಾಡಿಗಲ್ಲ.

ಕಾರ್ಡ್ ನಿಜಕ್ಕೂ ಹೋದ್ರೆ ದೊಡ್ಡ ಹೊಡೆತ ಪಿಂಚಣೀದಲ್ಲ, ಆಸ್ಪತ್ರೇದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದ್ರೆ ಖರ್ಚಿನ 30 ಪರ್ಸೆಂಟ್ ಮಾತ್ರ, ಅದೂ 1.5 ಲಕ್ಷದವರೆಗೆ. ಸೊಂಟದ ಆಪರೇಷನ್ನೋ ಫಿಟ್ಸ್‌ಗೆ ಅಡ್ಮಿಷನ್ನೋ ಬಂದಾಗ ಈ ವ್ಯತ್ಯಾಸ ಮನೆ ಮುಳುಗಿಸುತ್ತೆ. ಅದಕ್ಕೇ ಕಾರ್ಡ್ ಯಾವುದೇ ಇರ್ಲಿ ನಿರಾಮಯ ಇನ್ಶೂರೆನ್ಸ್ ಮಾಡಿಸಿಡಿ ಅಂತ ನಾನು ಎಲ್ರಿಗೂ ಹೇಳೋದು. ಅದು ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೇದು, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಕಲತೆ ಈ ನಾಲ್ಕಕ್ಕೆ, ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿ ಖರ್ಚಿಗೂ ಅದ್ರೊಳಗೆ ಒಂದು ಪಾಲು ಇದೆ. ಬಿಪಿಎಲ್‌ಗೆ ಸೇರೋಕೆ 250, ನವೀಕರಣಕ್ಕೆ 50 ರೂಪಾಯಿ, ಎಪಿಎಲ್‌ಗೆ 500 ಮತ್ತು 250. ಮೊದ್ಲು ನೀವು ಖರ್ಚು ಮಾಡಿ ಬಿಲ್ ಕಳಿಸ್ಬೇಕು ಅನ್ನೋದೊಂದು ಕಷ್ಟ, ನವೀಕರಣ ಮರೆತ್ರೆ ತಪ್ಪೋಗುತ್ತೆ ಅನ್ನೋದಿನ್ನೊಂದು. ಮಗನ್ನ ಅಜ್ಜಿ ಕಾರ್ಡಿಗೆ ಸೇರಿಸಿ ಆದಾಯ ಕಮ್ಮಿ ತೋರಿಸೋ ಐಡಿಯಾನೂ ಯಾರಾದ್ರೂ ಕೊಡ್ತಾರೆ. ಬೇಡ. ಕಾರ್ಡ್ ಬೇರೆ ಮಾಡಿದ್ರೆ ವಿಳಾಸ, ಗಾರ್ಡಿಯನ್, ಆಧಾರ್ ಎಲ್ಲಾ ಬೇರೆಬೇರೆ ಆಗಿ ಈಗಿರೋ ಗೋಜಲಿಗೆ ಇನ್ನೊಂದು ಗಂಟು ಬೀಳುತ್ತೆ.

ಈಗ ಗಾರ್ಡಿಯನ್‌ಶಿಪ್, ಇದನ್ನ ನಿಧಾನಕ್ಕೆ ಓದಿ. ಹೆತ್ತ ತಾಯಿಗೆ ಇದಕ್ಕೂ ಸರ್ಟಿಫಿಕೇಟ್ ಬೇಕಾ ಅಂತ ಕೋಪ ಬರುತ್ತೆ, ನ್ಯಾಯವೇ. ಆದ್ರೆ 18ರ ನಂತರ ತಂದೆತಾಯಿ ತಾನಾಗೇ ಗಾರ್ಡಿಯನ್ ಆಗಿ ಮುಂದುವರಿಯಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅಡಿ ಪ್ರತಿ ಜಿಲ್ಲೇಲಿ ಸ್ಥಳೀಯ ಮಟ್ಟದ ಸಮಿತಿ ಇದೆ, ಡಿಸಿಯವ್ರೇ ಅಧ್ಯಕ್ಷರು, ಅಲ್ಲಿಗೆ ಅರ್ಜಿ ಹಾಕಿದ್ರೆ ಪೋಷಕತ್ವದ ಪ್ರಮಾಣಪತ್ರ ಕೊಡ್ತಾರೆ, ಕೋರ್ಟು ಲಾಯರು ಬೇಡ. ಬ್ಯಾಂಕುಗಳು ಈ ಪತ್ರ ನೋಡಿ ಖಾತೆ ನಡೆಸಕ್ಕೆ ಬಿಡ್ಬೇಕು ಅಂತ ರಿಸರ್ವ್ ಬ್ಯಾಂಕ್ ಸೂಚನೆ ಇದೆ, ಮ್ಯಾನೇಜರ್ ಹತ್ರ ಆ ಮಾತು ಎತ್ತಿ. ಅರ್ಜಿ ಹಾಕಿದ್ಮೇಲೆ ಸಮಿತಿ ಸಭೆ ಸೇರೋದು ತಡ ಆಗ್ಬೋದು, ಅದಕ್ಕೇ ಇವತ್ತೇ ಶುರು ಮಾಡಿ. ಇದ್ರಲ್ಲಿ ಜವಾಬ್ದಾರೀನೂ ಇದೆ, ಮಗನ ಹೆಸರಲ್ಲಿ ಆಸ್ತಿ ಇದ್ರೆ ಆರು ತಿಂಗಳೊಳಗೆ ಅದ್ರ ಪಟ್ಟಿ ಕೊಡ್ಬೇಕು, ವರ್ಷವರ್ಷ ಲೆಕ್ಕ ಒಪ್ಪಿಸ್ಬೇಕು. ನಿಮ್ಮ ನಂತರ ಯಾರು ಅಂತ ಕೇಳಿದ್ರಲ್ಲ, ಒಡಹುಟ್ಟಿದೋರು, ಸಂಬಂಧಿಕರು, ನೋಂದಾಯಿತ ಸಂಸ್ಥೆ ಕೂಡ ಗಾರ್ಡಿಯನ್ ಆಗ್ಬೋದು ಈ ಕಾಯ್ದೇಲಿ. ಮನೇಲಿ ಯಾರು ಅಂತ ಮಾತು ಈಗ್ಲೇ ಆಡಿಡಿ, ಆಮೇಲೆ ಕೇಳೋಣ ಅಂತ ಮುಂದೂಡ್ಬೇಡಿ.

ಇಷ್ಟೆಲ್ಲಾ ನೋಡಿದ್ರೂ ದುಡ್ಡು ಯಾಕೆ ನಿಂತಿದೆ ಅಂತ ಗೊತ್ತಾಗ್ಲಿಲ್ಲ ಅಂದ್ರೆ ಬಾಯಿಮಾತು ಬಿಟ್ಟು ಕಾಗದಕ್ಕೆ ಇಳೀರಿ. ತಹಶೀಲ್ದಾರರಿಗೆ ಒಂದು ಅರ್ಜಿ, ಅದ್ರಲ್ಲಿ ಪಿಂಚಣಿ ಆದೇಶದ ಸಂಖ್ಯೆ, ಯಾವ ತಿಂಗಳಿಂದ ನಿಂತಿದೆ, ಯಾವ ಆದೇಶದ ಮೇಲೆ ನಿಂತಿದೆ, ಬಾಕಿ ತಿಂಗಳಿಂದೂ ಕೊಡಿ, ಇಷ್ಟೇ ಬರೀರಿ, ಇನ್ನೊಂದು ಪ್ರತಿ ಮೇಲೆ ಸೀಲು ಹಾಕಿಸ್ಕೊಳ್ಳಿ. ಉತ್ತರ ಬರ್ಲಿಲ್ಲ ಅಂದ್ರೆ ಆರ್‌ಟಿಐ ಅಂದ್ರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡ್ಬೇಕು, ಬಿಪಿಎಲ್‌ನವರಿಗೆ ಶುಲ್ಕ ಇಲ್ಲ. ಪಿಂಚಣಿ ಅದಾಲತ್, ಅಂದ್ರೆ ಪಿಂಚಣಿ ದೂರು ಕೇಳೋ ಸಭೆ, ನಿಮ್ಮ ಹೋಬಳೀಲಿ ಯಾವಾಗ ಅಂತ ಗ್ರಾಮ ಆಡಳಿತ ಅಧಿಕಾರಿನ ಕೇಳಿ, ಅಲ್ಲಿ ಅಧಿಕಾರಿಗಳು ಎದುರುಬದುರು ಕೂತಿರೋದ್ರಿಂದ ಬ್ಯಾಂಕಿಗೆ ಹೋಗಿ ಅನ್ನೋ ಮಾತು ನಡೆಯಲ್ಲ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಬೆಂಗಳೂರಲ್ಲಿ ವಿಕಲಚೇತನರ ರಾಜ್ಯ ಆಯುಕ್ತರು ಇದಾರೆ, ಅಂಚೆಯಲ್ಲಿ ದೂರು ಕಳಿಸಿದ್ರೂ ಸಾಕು.

ಕೊನೇದು ಗಾರ್ಮೆಂಟ್ಸ್ ಕೆಲಸ. ಇಲ್ಲಿ ನಿಮಗೆ ಸಿಹಿ ಮಾತು ಹೇಳಲ್ಲ. ಪಿಂಚಣಿ ಆದಾಯ ಮಿತಿ ಬಹಳ ಕಮ್ಮಿ, ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಟ್ಟೋ ಫ್ಯಾಕ್ಟರಿ ಸಂಬಳ ದಾಖಲೇಲಿ ಕಾಣುತ್ತೆ, ಹಂಗಾಗಿ ಪರಿಶೀಲನೆ ಬಂದಾಗ ಪಿಂಚಣಿ, ಬಿಪಿಎಲ್ ಎರಡಕ್ಕೂ ಅಪಾಯ ಇದೆ. ಆದ್ರೆ ತಕ್ಕಡಿಯ ಇನ್ನೊಂದು ಕಡೆನೂ ನೋಡಿ. ಇಎಸ್‌ಐ ನಿಯಮದಲ್ಲಿ ದೈಹಿಕ ಇಲ್ಲಾ ಮಾನಸಿಕ ತೊಂದ್ರೆಯಿಂದ ಪೂರ್ತಿ ನಿಮ್ಮ ಮೇಲೇ ಅವಲಂಬಿಸಿರೋ ಮಗನಿಗೆ ವಯಸ್ಸಿನ ಮಿತಿ ಇಲ್ಲ, ಆ ಸ್ಥಿತಿ ಇರೋವರೆಗೂ ಅವನು ಕುಟುಂಬದವನೇ, ನೀವು ಇಎಸ್‌ಐನಲ್ಲಿ ಇರೋವರೆಗೂ ಚಿಕಿತ್ಸೆ ಸಿಗುತ್ತೆ. ಪಿಎಫ್ ಜೊತೆ ಬರೋ 1995ರ ಪಿಂಚಣಿ ಯೋಜನೇಲೂ ಸದಸ್ಯರು ತೀರಿಕೊಂಡ್ಮೇಲೆ ಬೇರೆ ಮಕ್ಕಳಿಗೆ 25 ವರ್ಷದವರೆಗೆ, ಶಾಶ್ವತವಾಗಿ ಪೂರ್ಣ ಅಂಗವಿಕಲತೆ ಇರೋ ಮಗನಿಗೆ ವಯಸ್ಸಿನ ಮಿತಿ ಇಲ್ದೇ ಸಿಗುತ್ತೆ. ಮೊತ್ತ ಚಿಕ್ಕದೇ, ಆದ್ರೆ ನಮ್ಮ ನಂತರ ಏನು ಅಂತ ಕೇಳಿದ ನಿಮಗೆ ಇದು ಗೊತ್ತಿರ್ಲೇಬೇಕು, ಎಷ್ಟೋ ತಾಯಂದ್ರು ಗೊತ್ತಿಲ್ದೇ ಪಿಎಫ್ ಪೂರ್ತಿ ಬಿಡಿಸ್ಕೊಂಡ್ಬಿಡ್ತಾರೆ. ನೀವು 11 ವರ್ಷದ ಹಿಂದೆ ಬಿಟ್ಟಾಗ ಬಿಡಿಸ್ಕೊಂಡ್ರಾ ಇಲ್ವಾ, ಹಳೇ ಪಿಎಫ್ ನಂಬರ್ ಇದ್ಯಾ ಹುಡುಕಿ.

ಅದಕ್ಕಿಂತ ಮುಂಚಿನ ಪ್ರಶ್ನೆ, ನೀವು ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆ ಆರಕ್ಕೆ ಬಂದ್ರೆ ಅಷ್ಟೊತ್ತು ಅವನ್ನ ಯಾರು ತಿರುಗಿಸಿ ಮಲಗಿಸ್ತಾರೆ? ಒಂದೇ ಮಗ್ಗುಲಲ್ಲಿ ಬಿಟ್ರೆ ಬೆನ್ನಲ್ಲಿ ಹುಣ್ಣಾಗುತ್ತೆ, ಆ ಹುಣ್ಣಿನ ಖರ್ಚು ಎರಡು ತಿಂಗಳ ಸಂಬಳ ತಿನ್ನುತ್ತೆ, ನಾನು ಕಣ್ಣಾರೆ ಕಂಡಿದೀನಿ. ಹತ್ರದಲ್ಲಿ ಹಗಲು ಆರೈಕೆ ಕೇಂದ್ರ ಇದ್ಯಾ, 18 ದಾಟಿದವರನ್ನ ತಗೋತಾರಾ, ವ್ಯಾನ್ ಬರುತ್ತಾ ಅಂತ ಎಂಆರ್‌ಡಬ್ಲ್ಯೂ ಹತ್ರ ವಿಚಾರಿಸಿ, ಅದು ಗೊತ್ತಾಗೋವರೆಗೂ ಫ್ಯಾಕ್ಟರೀಲಿ ಹ್ಞೂಂ ಅನ್ಬೇಡಿ. ಮ್ಯಾಪಿಂಗ್ ಯಾವ ಬ್ಯಾಂಕಿಗಿದೆ, ಯುಡಿಐಡಿ ಕಾರ್ಡಲ್ಲಿ ಯಾವ ದಿನಾಂಕ ಇದೆ, ರಿಟರ್ನಲ್ಲಿ ಎಷ್ಟು ಆದಾಯ ತೋರ್ಸಿದಾರೆ, ಈ ಮೂರು ನೋಡಿ ಮತ್ತೆ ಬರೀರಿ, ತಹಶೀಲ್ದಾರರಿಗೆ ಕೊಡೋ ಅರ್ಜಿ ನಾನೇ ಬರ್ಕೊಡ್ತೀನಿ.